ಕಹಾಲ್: ಮೆದುಳಿನ ನಕ್ಷೆ ಬರೆದಾತ

ನಮ್ಮ ಪುಟ್ಟೇನಹಳ್ಳಿಯ ಮನೆಗಳನ್ನೂ ಅವುಗಳಿಗೆ ಬರುವ ತಂತಿಗಳನ್ನೂ ಒಂದೇ ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ಬರೆದರೆ ಹಾಳೆ ಕಪ್ಪಾದೀತೇ ಹೊರತು ಯಾವ ತಂತಿ ಯಾವ ಮನೆಯದೆಂಬುದು ತಿಳಿಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಮೆದುಳನ್ನು ಸೂಕ್ಷ್ಮದರ್ಶಕದಡಿ ನೋಡಿದವರ ಪಾಡು ಇದೇ ಆಗಿತ್ತು. ಮೆದುಳೆಂದರೆ ಎಲ್ಲಿಯೂ ಕಡಿಯದ ಒಂದೇ ಬಲೆಯೆಂದು ಅವರಲ್ಲಿ ಬಹುಮಂದಿ ನಂಬಿದ್ದರು. ಬಲೆಯೇ ನಿಜವಾದರೆ ನಕ್ಷೆಯ ಮಾತೆಲ್ಲಿ? ಈ ಸಿಕ್ಕನ್ನು ಬಿಡಿಸಿದವನು ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್.

ಈತನು 1852ರ ಮೇ 1ರಂದು ಒಂದು ಗುಡ್ಡಗಾಡಿನ ಹಳ್ಳಿಯಲ್ಲಿ ಜನಿಸಿದನು. ಹುಡುಗನಿಗೆ ಚಿತ್ರದ ಹುಚ್ಚು. ವೈದ್ಯನಾದ ತಂದೆಗೆ ಅದು ಕಾಲಹರಣ. ಹನ್ನೊಂದರ ಪ್ರಾಯದಲ್ಲಿ ತಾನೇ ಮಾಡಿದ ತೋಪಿನಿಂದ ನೆರೆಯವನ ಬಾಗಿಲನ್ನು ಮುರಿದು ಸೆರೆಮನೆಯನ್ನೂ ಕಂಡುಬಂದನು! ಕ್ಷೌರದಂಗಡಿಯಲ್ಲಿಯೂ ಜೋಡು ಹೊಲಿಯುವವನಲ್ಲಿಯೂ ಅವನನ್ನು ಕೆಲಸಕ್ಕೆ ಬಿಟ್ಟದ್ದಾಯಿತು. ಕಡೆಗೆ ತಂದೆ ಸ್ಮಶಾನದಿಂದ ಮೂಳೆಗಳನ್ನು ಆಯ್ದು ತರಿಸಿ ಅಂಗರಚನೆಯನ್ನು ಕಲಿಸಿದನು. ಚಿತ್ರಗಾರನ ಕಣ್ಣಿಗೆ ಮೂಳೆಗಳೂ ರುಚಿಸಿದವು. 1873ರಲ್ಲಿ ವೈದ್ಯನಾಗಿ, ಸೈನ್ಯದೊಡನೆ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಬಳಲಿ ಹಿಂದಿರುಗಿದನು. ಉಳಿಸಿದ ಸಂಬಳದಲ್ಲಿ ಕೊಂಡದ್ದು ಒಂದು ಸೂಕ್ಷ್ಮದರ್ಶಕ.

1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಆತನು ಇಟಲಿಯ ಗಾಲ್ಜಿ ಕಂಡುಹಿಡಿದ ಬಣ್ಣಗಟ್ಟುವ ಕ್ರಮವನ್ನು ನೋಡಿದನು. ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆದ ಮೆದುಳಿನ ತುಣುಕನ್ನು ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿದರೆ ಎಲ್ಲೋ ಕೆಲವು ಕೋಶಗಳು ಮಾತ್ರ ಬೇರಿನಿಂದ ತುದಿಯವರೆಗೆ ಕಪ್ಪಾಗುತ್ತವೆ. ಊರಿನಲ್ಲಿ ಒಂದೆರಡು ಮನೆಗಳನ್ನಷ್ಟೇ ಗುರುತಿಸಿದಂತೆ! ಕಹಾಲನು ಎರಡೆರಡು ಸಲ ಅದ್ದಿದನು. ಬೆಳೆದ ಪ್ರಾಣಿಗಳ ದಟ್ಟಣೆಯನ್ನು ಬಿಟ್ಟು ಭ್ರೂಣಗಳನ್ನೂ ಹಕ್ಕಿಮರಿ, ಇಲಿಮರಿಗಳನ್ನೂ ಆರಿಸಿಕೊಂಡನು. ಪ್ರತಿಯೊಂದು ನರಕೋಶವೂ ಬೇರೆಯೇ. ಅದರ ತುದಿ ಇನ್ನೊಂದರ ಬಳಿಗೆ ಬಂದು ನಿಲ್ಲುತ್ತದೆ, ಅದರಲ್ಲಿ ಕರಗಿಹೋಗುವುದಿಲ್ಲ ಎಂಬುದು ಆತನಿಗೆ ಕಂಡಿತು. ಸಂದೇಶವು ಕೊಂಬೆಗಳಿಂದ ಕೋಶಕ್ಕೆ, ಕೋಶದಿಂದ ಉದ್ದನೆಯ ಎಳೆಗೆ ಹರಿಯುವುದೆಂದು ತರ್ಕಿಸಿ ಚಿತ್ರಗಳಲ್ಲಿ ಬಾಣದ ಗುರುತುಗಳನ್ನು ಇಟ್ಟನು.

1888ರಲ್ಲಿ ಸ್ವಂತ ಖರ್ಚಿನಿಂದ ಪತ್ರಿಕೆಯನ್ನೇ ಹೊರಡಿಸಿ ವಿದೇಶದ ಪಂಡಿತರಿಗೆ ಕಳುಹಿಸಿದರೂ ಓದಿದವರು ವಿರಳ. ಸ್ಪ್ಯಾನಿಷ್ ಬಲ್ಲವರೆಷ್ಟು ಮಂದಿ? ಮರುವರ್ಷ ತನ್ನ ಗಾಜುಗಳನ್ನು ಹೊತ್ತು ಬರ್ಲಿನ್‌ಗೆ ಹೋದನು. ಹಿರಿಯ ಪಂಡಿತ ಕೋಲಿಕರ್ ಕಣ್ಣಾರೆ ನೋಡಿ ಒಪ್ಪಿದನು.

1906ರ ನೊಬೆಲ್ ಬಹುಮಾನವು ಗಾಲ್ಜಿಗೂ ಕಹಾಲನಿಗೂ ಸಮವಾಗಿ ಸಂದಿತು. ಗಾಲ್ಜಿಯಾದರೋ ಆ ವೇದಿಕೆಯಿಂದಲೇ ಕಹಾಲನ ಸಿದ್ಧಾಂತವನ್ನು ಖಂಡಿಸಿದನು. ತಾನು ಹಚ್ಚಿದ ದೀಪದಲ್ಲಿ ಇನ್ನೊಬ್ಬನು ಕಂಡುದನ್ನು ಆತನು ಕಡೆಯವರೆಗೂ ಒಪ್ಪಲಿಲ್ಲ. ಕೆಲವು ಕೋಶಗಳ ನಡುವೆ ನೇರ ಸಂಪರ್ಕವಿರುವುದು ಮುಂದೆ ಗೊತ್ತಾಯಿತಾದ್ದರಿಂದ ಆತನನ್ನು ಬರಿಯ ಹಟಮಾರಿಯೆನ್ನುವುದೂ ಸಲ್ಲದು.

ಕಹಾಲನು 1934ರ ಅಕ್ಟೋಬರ್ 17ರಂದು ತೀರಿಕೊಂಡನು. ಕೋಶಗಳ ನಡುವಣ ಸೂಕ್ಷ್ಮವಾದ ತೆರಪು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಂಡದ್ದು 1950ರ ದಶಕದಲ್ಲಿ. 2025ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಯ ಮೆದುಳಿನಲ್ಲಿ ದೃಷ್ಟಿಗೆ ಸಂಬಂಧಿಸಿದ ಭಾಗದ ನಕ್ಷೆಯೊಂದನ್ನು ಪ್ರಕಟಿಸಿದರು. ಅದರಲ್ಲಿ ಸುಮಾರು 2 ಲಕ್ಷ ಕೋಶಗಳು, 50 ಕೋಟಿಗೂ ಮಿಕ್ಕ ಸಂಧಿಗಳು. ಆ ತುಣುಕಿನ ಗಾತ್ರ ಒಂದು ಘನ ಮಿಲಿಮೀಟರ್.