ಪದವಿಯಿಲ್ಲದ ಪ್ರೊಫೆಸರ್

ಕ್ಯಾಂಪಸ್ ಸಂದರ್ಶನಕ್ಕೆ ತಯಾರಾಗುವವರಿಗೆಲ್ಲ ಸಿ ಭಾಷೆಯ &=, |=, ^= ಚಿಹ್ನೆಗಳು ಗೊತ್ತು. ಪುತ್ತಿಗೆಯಿಂದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ನಾನೂ ಇವನ್ನು ಬಾಯಿಪಾಠ ಮಾಡುತ್ತಿದ್ದೆ. ಇವುಗಳ ಹಿಂದಿರುವ ಜಾರ್ಜ್ ಬೂಲ್ ಅವರ ಬದುಕನ್ನು ಓದಿದ ಮೇಲೆ ಬಾಯಿಪಾಠದ ಅಗತ್ಯ ಬೀಳಲಿಲ್ಲ.

ಬೂಲ್ ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್‌ನಲ್ಲಿ. ತಂದೆ ಶೂ ಹೊಲಿಯುವವರು. ಅವರಿಗೆ ಅಂಗಡಿಗಿಂತ ದೂರದರ್ಶಕದ ಮೇಲೆಯೇ ಹೆಚ್ಚು ಪ್ರೀತಿ, ವ್ಯಾಪಾರ ಕೈಹಿಡಿಯಲಿಲ್ಲ. ಹದಿನಾರನೇ ವಯಸ್ಸಿಗೇ ಮನೆಯ ಭಾರ ಮಗನ ಹೆಗಲಿಗೆ ಬಿತ್ತು. ಡಾನ್‌ಕಾಸ್ಟರ್‌ನಲ್ಲಿ ಸಹಾಯಕ ಶಿಕ್ಷಕರಾದರು, 19ಕ್ಕೆ ಸ್ವಂತ ಶಾಲೆ ತೆರೆದರು. ಹಗಲು ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಫ್ರೆಂಚ್ ಗಣಿತ ಗ್ರಂಥಗಳನ್ನು ತಾವೇ ಓದಿ ಅರಗಿಸಿಕೊಂಡರು. 1844ರಲ್ಲಿ ರಾಯಲ್ ಸೊಸೈಟಿಯ ಚಿನ್ನದ ಪದಕ ಬಂತು. 1849ರಲ್ಲಿ ಐರ್ಲೆಂಡಿನ ಕಾರ್ಕ್‌ನ ಕ್ವೀನ್ಸ್ ಕಾಲೇಜು ಅವರನ್ನು ತನ್ನ ಮೊದಲ ಗಣಿತ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಪದವಿಯೇ ಇರಲಿಲ್ಲ! ಕನಿಷ್ಠ ಶೇ 60 ಅಂಕ ಕೇಳುವ ಇಂದಿನ ಜಾಹೀರಾತುಗಳಿಗೆ ಅವರು ಅರ್ಜಿಯನ್ನೇ ಹಾಕುವಂತಿರಲಿಲ್ಲ.

1847ರ ಕಿರುಪುಸ್ತಕ ಮತ್ತು 1854ರ ದೊಡ್ಡ ಗ್ರಂಥದಲ್ಲಿ ಅವರು ತರ್ಕವನ್ನೇ ಬೀಜಗಣಿತ ಮಾಡಿದರು. ಒಂದು ಗುಂಪನ್ನು ಅದರಿಂದಲೇ ಗುಣಿಸಿದರೆ ಅದೇ ಗುಂಪು ಉಳಿಯಬೇಕು. ಸಂಖ್ಯೆಗಳಲ್ಲಿ ಹೀಗೆ ಉಳಿಯುವುದು 0 ಮತ್ತು 1 ಮಾತ್ರ. ನಮ್ಮ & ಎಂದರೆ ಈ ಗುಣಾಕಾರವೇ: 12 (1100) ಇರುವಲ್ಲಿ &= 10 (1010) ಎಂದರೆ ಎರಡರಲ್ಲೂ 1 ಇರುವ ಸ್ಥಾನವಷ್ಟೇ ಉಳಿದು 8 (1000) ಆಗುತ್ತದೆ. |= ಎಂದಿದ್ದರೆ 14, ^= ಎಂದಿದ್ದರೆ 6. ಆದರೆ | ಪೂರ್ತಿ ಬೂಲ್ ಅವರದಲ್ಲ. ಅವರ ಕೂಡುವಿಕೆ ಒಂದರೊಳಗೊಂದು ಸೇರದ ಗುಂಪುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಅದನ್ನು ಸಡಿಲಿಸಿದವರು ಜೆವನ್ಸ್. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆ ಈ ಎರಡರ ಲೆಕ್ಕ ಹೊಸದೇನಲ್ಲ: ಲಘು ಅಥವಾ ಗುರು, ಮೂರು ಅಕ್ಷರಕ್ಕೆ ಎಂಟು ಗಣ, ಮೂರು ಬಿಟ್‌ಗೂ ಎಂಟೇ ಸಂಖ್ಯೆ.

1855ರಲ್ಲಿ ಅವರು ಮೇರಿ ಎವರೆಸ್ಟ್ ಅವರನ್ನು ಮದುವೆಯಾದರು. ಶಿಖರಕ್ಕೆ ಹೆಸರಿತ್ತ ಸರ್ವೇಯರ್ ಜಾರ್ಜ್ ಎವರೆಸ್ಟ್ ಆಕೆಯ ದೊಡ್ಡಪ್ಪ. ಭಾರತದ ತರ್ಕಶಾಸ್ತ್ರ ಅವರ ಮೂಲಕ ಬೂಲ್ ಮೇಲೆ ಪ್ರಭಾವ ಬೀರಿತೆಂದು ಮೇರಿ ಮುಂದೆ ಬರೆದರು. ಕೇಳಲು ಹೆಮ್ಮೆಯೆನಿಸಿದರೂ ನನಗೆ ಅನುಮಾನವಿದೆ. 1847ರ ಪುಸ್ತಕ ಅವರಿಬ್ಬರ ಪರಿಚಯಕ್ಕಿಂತ ಮೊದಲಿನದು.

1864ರ ಕೊನೆಯಲ್ಲಿ ಬೂಲ್ ಸುರಿವ ಮಳೆಯಲ್ಲಿ ಸುಮಾರು ಮೂರು ಮೈಲಿ ನಡೆದು ಕಾಲೇಜಿಗೆ ಹೋದರು, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ಜ್ವರ ಎದೆಗಿಳಿಯಿತು. ಡಿಸೆಂಬರ್ 8ರಂದು ತೀರಿಕೊಂಡಾಗ ವಯಸ್ಸು 49. ಮನೆಯಲ್ಲಿ ಐವರು ಪುಟ್ಟ ಹೆಣ್ಣುಮಕ್ಕಳು. ತಮ್ಮ ಬೀಜಗಣಿತದಿಂದ ಯಂತ್ರ ಓಡುವುದನ್ನು ಅವರು ನೋಡಲಿಲ್ಲ.

ರಿಲೇ ಸ್ವಿಚ್‌ಗಳಿಗೆ ಆ ಬೀಜಗಣಿತ ಸರಿಹೊಂದುತ್ತದೆಂದು ಕ್ಲಾಡ್ ಶ್ಯಾನನ್ ತೋರಿಸಿದ್ದು 1937ರ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ. ಆಗ ಅವರಿಗೆ 21. ನನಗಿಂತ ಒಂದೇ ವರ್ಷ ಹೆಚ್ಚು. ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಸಿ ರೂಪಿಸಿದಾಗ ಈ ಚಿಹ್ನೆಗಳು ತಿರುಗುಮುರುಗಾಗಿ, =& ಎಂದಿದ್ದವು. ಗೊಂದಲವಾಗುತ್ತದೆಂದು ಆಮೇಲೆ ಸ್ಥಾನ ಬದಲಿಸಿದರು. ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಉಳಿದ ಏಳು ದೀಪಗಳನ್ನು ಮುಟ್ಟದೆ ಒಂದನ್ನಷ್ಟೇ ಹೊತ್ತಿಸಲು ನಾವೀಗ |= ಬರೆಯುತ್ತೇವೆ, ಅದೊಂದನ್ನೇ ಆರಿಸಲು &=.