ಗಟ್ಟಿ ಉಕ್ಕನ್ನು ಮಣಿಸಿದ ಟೇಲರ್: ಯಂತ್ರಕ್ಕೆ ಒಗ್ಗಿದ ಲೆಕ್ಕ ಮನುಷ್ಯರಿಗೆ ಒಗ್ಗಲಿಲ್ಲ

ಲೇತ್ ಮುಂದೆ ನಿಲ್ಲುವ ಪ್ರತಿ ಕೆಲಸಗಾರನಿಗೂ ಎದುರಾಗುವ ಪ್ರಶ್ನೆ: ವೇಗ ಎಷ್ಟಿರಬೇಕು? ಹೆಚ್ಚಾದರೆ ಟೂಲ್ ಬಿಸಿಯೇರಿ ಮೊಂಡಾಗುತ್ತದೆ. ಕಡಿಮೆಯಾದರೆ ಯಂತ್ರ ಗಂಟೆಗಟ್ಟಲೆ ತಿರುಗಿ ಶಕ್ತಿ ಪೋಲಾಗುತ್ತದೆ. ಇದಕ್ಕೆ ಲೆಕ್ಕದ ಉತ್ತರ ಕೊಟ್ಟವರು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ವಿನ್ಸ್‌ಲೋ ಟೇಲರ್.

1856ರ ಮಾರ್ಚ್ 20ರಂದು ಫಿಲಡೆಲ್ಫಿಯಾದ ಸಿರಿವಂತ ಕುಟುಂಬದಲ್ಲಿ ಜನಿಸಿದ ಟೇಲರ್, ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರು. ಆದರೆ ಕಣ್ಣಿನ ತೊಂದರೆಯಿಂದಾಗಿ ಓದು ಬಿಟ್ಟು ಪಂಪ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದರು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಗೆ ಕೂಲಿಯಾಗಿ ಸೇರಿ, ಕೆಲವೇ ವರ್ಷಗಳಲ್ಲಿ ಮುಖ್ಯ ಎಂಜಿನಿಯರ್ ಹುದ್ದೆಗೇರಿದರು.

ಅಲ್ಲಿ ಶುರುವಾದ ಪ್ರಯೋಗ 26 ವರ್ಷ ನಡೆಯಿತು. ಸುಮಾರು 360 ಟನ್ ಉಕ್ಕು ಮತ್ತು ಕಬ್ಬಿಣ ಸಿಪ್ಪೆಯಾಯಿತು. ಲೋಹ ಕತ್ತರಿಸುವ ಜಾಗಕ್ಕೇ ನೀರು ಸುರಿದರೆ ವೇಗವನ್ನು ಶೇ 30ರಿಂದ 40ರಷ್ಟು ಹೆಚ್ಚಿಸಬಹುದು ಎಂದು ಅವರು ಕಂಡುಕೊಂಡರು. 1898ರಲ್ಲಿ ಬೆತ್ಲೆಹೆಮ್ ಸ್ಟೀಲ್‌ಗೆ ಹೋದ ಬಳಿಕ ಲೋಹತಜ್ಞ ಮೌನ್ಸೆಲ್ ವೈಟ್ ಜತೆ ಸೇರಿ, ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಬೆರೆತ ಉಕ್ಕನ್ನು ಕರಗುವ ಹಂತದ ಸಮೀಪದವರೆಗೆ ಕಾಯಿಸಿ ಹದ ಮಾಡಿದರು. ಆ ಟೂಲ್ ಕೆಂಪಗೆ ಕಾದರೂ ಹರಿತ ಕಳೆದುಕೊಳ್ಳಲಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅದನ್ನು ಕಂಡ ಯುರೋಪಿನ ತಂತ್ರಜ್ಞರು ಬೆರಗಾದರು.

ವೇಗಕ್ಕೂ ಟೂಲ್ ಆಯಸ್ಸಿಗೂ ಇರುವ ನಂಟನ್ನು ಅವರು ಸೂತ್ರವಾಗಿ ಮುಂದಿಟ್ಟರು. ಹೈಸ್ಪೀಡ್ ಉಕ್ಕಿನ ಟೂಲ್‌ನ ವೇಗವನ್ನು ಶೇ 10ರಷ್ಟು ಏರಿಸಿದರೆ ಆಯಸ್ಸು ಹತ್ತಿರಹತ್ತಿರ ಅರ್ಧಕ್ಕಿಳಿಯುತ್ತದೆ. ಟೈಟಾನಿಯಂನಂಥ ಲೋಹ ಕತ್ತರಿಸುವಾಗ ವಿದ್ಯುತ್ ಉಳಿಸಲು ಇಂದಿಗೂ ಇದೇ ಸೂತ್ರ ನೆರವಾಗುತ್ತದೆ. ಕೂಲಂಟ್ ಪಂಪ್, ಫ್ಯಾನ್‌ಗಳಿಂದಾಗಿ ಯಂತ್ರ ಸುಮ್ಮನೆ ನಿಂತಿದ್ದರೂ ಕರೆಂಟ್ ಎಳೆಯುತ್ತದೆ. ಹೀಗಾಗಿ ಕೆಲಸ ಬೇಗ ಮುಗಿದಷ್ಟೂ ಉಳಿತಾಯ. ಆದರೆ ಅತಿವೇಗದಿಂದ ಮೊಂಡಾದ ಟೂಲ್ ಹೆಚ್ಚು ಶಕ್ತಿ ತಿನ್ನುತ್ತದೆ, ಹೊಸ ಟೂಲ್ ತಯಾರಿಕೆಗೂ ಶಕ್ತಿ ಬೇಕು. ಇವೆರಡರ ನಡುವಿನ ಹದ ಹುಡುಕುವುದೇ ಲೆಕ್ಕ.

ಇದೇ ಅಳತೆಗೋಲನ್ನು ಟೇಲರ್ ಮನುಷ್ಯರಿಗೂ ಹಿಡಿದರು. ಸ್ಟಾಪ್‌ವಾಚ್ ಇಟ್ಟು ಕಾರ್ಮಿಕರ ಒಂದೊಂದು ಚಲನೆಯನ್ನೂ ಅಳೆಯುವ ಪದ್ಧತಿಯ ವಿರುದ್ಧ 1911ರಲ್ಲಿ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಮುಷ್ಕರ ನಡೆಯಿತು. ಮರುವರ್ಷ ಅಮೆರಿಕ ಸಂಸತ್ತಿನ ಸಮಿತಿ ಮುಂದೆ ಟೇಲರ್ ಉತ್ತರಿಸಬೇಕಾಯಿತು.

1915ರ ಮಾರ್ಚ್ 21ರಂದು, 59 ತುಂಬಿದ ಮರುದಿನವೇ, ನ್ಯುಮೋನಿಯಾದಿಂದ ಅವರು ತೀರಿಕೊಂಡರು. ಮನುಷ್ಯರ ಮೇಲೆ ಅವರು ಹೇರಿದ ಲೆಕ್ಕದ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಲೋಹದ ಲೆಕ್ಕ ಮಾತ್ರ ಇಂದಿಗೂ ವರ್ಕ್‌ಶಾಪ್‌ಗಳಲ್ಲಿ ನಡೆಯುತ್ತಿದೆ.