ಸುಲ್ತಾನನ ಡೇರೆಗೆ ಹೋದ ಸಂತ ಫ್ರಾನ್ಸಿಸರು

ಅಸ್ಸಿಸಿಯ ಸಂತ ಫ್ರಾನ್ಸಿಸರೆಂದೊಡನೆ ನಮ್ಮ ಮನೆಗಳಲ್ಲಿ ನೆನಪಾಗುವುದು ಹಕ್ಕಿಗಳಿಗೆ ಬೋಧನೆ ಮಾಡಿದ, ತೋಳವನ್ನು ಪಳಗಿಸಿದ, ಕ್ರಿಸ್ತಜಯಂತಿಗೆ ಗೋದಲಿ ಕಟ್ಟಿ ತೋರಿಸಿದ ಸಾಧುವಿನ ಚಿತ್ರ. ಅವರ ಬಾಳಿನ ಇನ್ನೊಂದು ಪ್ರಸಂಗ ಅಷ್ಟಾಗಿ ಪ್ರಚಾರದಲ್ಲಿಲ್ಲ. 1219ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಅವರು ಬರಿಗೈಯಲ್ಲಿ ಈಜಿಪ್ಟಿನ ಸುಲ್ತಾನನ ಪಾಳೆಯಕ್ಕೆ ನಡೆದುಹೋದರು. ಅನ್ಯಧರ್ಮೀಯರ ನಡುವೆಯೇ ಹುಟ್ಟಿ ಬೆಳೆದು, ಅವರೊಡನೆಯೇ ನಿತ್ಯ ಬಾಳುವ ನಮ್ಮಂಥವರಿಗೆ ಹಕ್ಕಿಗಳ ಕಥೆಗಿಂತ ಈ ಪ್ರಸಂಗ ಹೆಚ್ಚು ಹತ್ತಿರದ್ದು ಎಂಬುದು ನಮ್ಮ ಭಾವನೆ.

ಫ್ರಾನ್ಸಿಸರು ಹುಟ್ಟಿದ್ದು 1181 ಅಥವಾ 1182ರಲ್ಲಿ, ಬಟ್ಟೆ ವ್ಯಾಪಾರಿಯ ಮಗನಾಗಿ. ಯೌವನದಲ್ಲಿ ಪೆರುಜಿಯ ನಗರದ ವಿರುದ್ಧ ಯುದ್ಧಕ್ಕೆ ಹೋಗಿ ಸೆರೆಸಿಕ್ಕು ಸುಮಾರು ಒಂದು ವರ್ಷ ಬಂದೀಖಾನೆಯಲ್ಲಿದ್ದವರು. ಯುದ್ಧವೆಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸನ್ಯಾಸದ ದಾರಿ ಹಿಡಿದ ಮೇಲೆ ಅವರಲ್ಲಿ ಒಂದು ಅಭ್ಯಾಸ ಬೇರೂರಿತು. ಮುಖ್ಯವಾದ ಯಾವುದನ್ನೂ ದೇವರನ್ನು ಕೇಳದೆ ಮಾಡುತ್ತಿರಲಿಲ್ಲ. 1208ರಲ್ಲಿ ಮೊದಲ ಸಂಗಡಿಗರು ಬಂದು ಸೇರಿದಾಗ ಸಂತ ನಿಕೊಲಾಸರ ದೇವಾಲಯಕ್ಕೆ ಹೋಗಿ ಶುಭಸಂದೇಶದ ಗ್ರಂಥವನ್ನು ಮೂರು ಬಾರಿ ತೆರೆದು ದಾರಿ ಕೇಳಿದರು. ತಾವು ಪ್ರಾರ್ಥನೆಯಲ್ಲೇ ಬಾಳು ಸವೆಸಬೇಕೋ ಊರೂರು ಸುತ್ತಿ ಬೋಧಿಸಬೇಕೋ ಎಂಬ ಸಂದೇಹ ಬಂದಾಗ ಸೋದರಿ ಕ್ಲಾರಾ ಮತ್ತು ಸೋದರ ಸಿಲ್ವೆಸ್ಟರರ ಬಳಿಗೆ ಸಂಗಡಿಗರನ್ನು ಕಳುಹಿಸಿ, ಪ್ರಾರ್ಥಿಸಿ ಉತ್ತರ ಹೇಳುವಂತೆ ಬೇಡಿಕೊಂಡರು. ಸಂಘದ ಸ್ಥಾಪಕರೇ ತಮ್ಮ ಅನುಯಾಯಿಗಳಿಂದ ದಾರಿ ಕೇಳಿ ತಿಳಿದುಕೊಂಡರೆಂಬುದು ಸಣ್ಣ ಸಂಗತಿಯೇನಲ್ಲ.

ಮುಸಲ್ಮಾನರ ನಾಡಿಗೆ ಹೋಗಬೇಕೆಂಬ ಹಂಬಲ ಅವರಲ್ಲಿ ಬಹಳ ಹಿಂದಿನದು. ರಕ್ತಸಾಕ್ಷಿಯಾಗಿ ಸಾಯಬೇಕೆಂಬ ಆಸೆಯೂ ಅದರೊಡನೆ ಬೆರೆತಿತ್ತು. ಇದನ್ನು ಮರೆಮಾಚುವ ಅಗತ್ಯವಿಲ್ಲ. 1212ರ ಸುಮಾರಿಗೆ ಸಿರಿಯಕ್ಕೆ ಹೊರಟ ಅವರ ಹಡಗು ಗಾಳಿಗೆ ಸಿಕ್ಕಿ ಡಾಲ್ಮೇಶಿಯದ ದಡ ಸೇರಿತು. ಮುಂದೆ ಸ್ಪೇನಿನ ಮೂಲಕ ಮೊರೊಕ್ಕೊಗೆ ಹೊರಟಾಗ ಕಾಯಿಲೆ ಬಿದ್ದು ಹಿಂದಿರುಗಬೇಕಾಯಿತು. ಅವರ ಮೊದಲ ಚರಿತ್ರಕಾರರಾದ ಸೆಲಾನೊದ ಥಾಮಸರು, ದೇವರೇ ಅವರನ್ನು ಎದುರು ನಿಂತು ತಡೆದರೆಂದು ಬರೆಯುತ್ತಾರೆ. ಹಂಬಲ ಎಷ್ಟೇ ಪವಿತ್ರವಾಗಿದ್ದರೂ ಹಂಬಲವೇ ಅಪ್ಪಣೆಯಲ್ಲ.

ಐದನೆಯ ಕ್ರುಸೇಡ್ ಯುದ್ಧದ ಸೇನೆ ನೈಲ್ ನದಿಯ ಮುಖದ ದಾಮಿಯೆಟ್ಟಾ ನಗರಕ್ಕೆ 1218ರಿಂದ ಮುತ್ತಿಗೆ ಹಾಕಿ ಕುಳಿತಿತ್ತು. 1219ರಲ್ಲಿ ಫ್ರಾನ್ಸಿಸರು ಆ ಪಾಳೆಯಕ್ಕೆ ಬಂದರು. ಆಗಸ್ಟ್ 29ರಂದು ಕ್ರೈಸ್ತ ಸೇನೆ ಕಾಳಗಕ್ಕೆ ಹೊರಡಲಿದೆಯೆಂದು ತಿಳಿದಾಗ, ಅದು ಸೋಲಿನಲ್ಲಿ ಮುಗಿಯುವುದೆಂದು ಪ್ರಾರ್ಥನೆಯಲ್ಲಿ ಅವರಿಗೆ ಮನವರಿಕೆಯಾಯಿತು. ಹೇಳಿದರೆ ಜನ ಹುಚ್ಚನೆನ್ನುತ್ತಾರೆ, ಹೇಳದಿದ್ದರೆ ಮನಸ್ಸಾಕ್ಷಿ ಚುಚ್ಚುತ್ತದೆ. ಈ ಇಕ್ಕಟ್ಟನ್ನು ಅವರು ಜೊತೆಗಿದ್ದ ಸೋದರನ ಮುಂದೆ ತೋಡಿಕೊಂಡರು. ಜನರ ತೀರ್ಪಿಗೆ ಅಂಜದೆ ಮನಸ್ಸಿನ ಭಾರ ಇಳಿಸಿಕೊಳ್ಳುವಂತೆ ಆತ ಸಲಹೆಯಿತ್ತನು. ಫ್ರಾನ್ಸಿಸರು ಸೈನಿಕರ ಬಳಿಗೆ ಹೋಗಿ ಎಚ್ಚರಿಸಿದರು. ಸೈನಿಕರು ನಕ್ಕರು. ಅಂದಿನ ಕಾಳಗದಲ್ಲಿ ಸತ್ತವರೂ ಸೆರೆಯಾದವರೂ ಸೇರಿ 6,000 ಮಂದಿ ಎಂದು ಸೆಲಾನೊದ ಥಾಮಸರು ಹೇಳುತ್ತಾರೆ. ಆ ದಿನದ ಕಾಳಗವನ್ನಷ್ಟೇ ಅವರು ಬೇಡವೆಂದರೋ ಯುದ್ಧವನ್ನೇ ಬೇಡವೆಂದರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಅನ್ಯಧರ್ಮೀಯರೊಡನೆ ಮಾತನಾಡಲು ಬಂದ ಈ ಸಂತರು ಮೊದಲು ಮಾತನಾಡಬೇಕಾಗಿ ಬಂದದ್ದು ತಮ್ಮದೇ ಧರ್ಮದವರೊಡನೆ. ಅವರ ಮಾತನ್ನು ಮೊದಲು ತಳ್ಳಿಹಾಕಿದವರೂ ಇವರೇ.

ಅನಂತರ ಪೋಪ್ ಜಗದ್ಗುರುಗಳ ಪ್ರತಿನಿಧಿಯಾಗಿದ್ದ ಕಾರ್ಡಿನಲ್ ಪೆಲಾಜಿಯುಸರಿಂದ ಒಲ್ಲದ ಮನಸ್ಸಿನ ಅನುಮತಿ ಪಡೆದು, ಸೋದರ ಇಲ್ಲುಮಿನಾತೊ ಅವರೊಡನೆ ಫ್ರಾನ್ಸಿಸರು ಗಡಿ ದಾಟಿದರು. ಕಾವಲುಗಾರರು ಹಿಡಿದು ಹೊಡೆದು, ಕೊನೆಗೆ ಸುಲ್ತಾನ ಅಲ್-ಕಾಮಿಲನ ಮುಂದೆ ನಿಲ್ಲಿಸಿದರು. ಜೆರುಸಲೇಮನ್ನು ಗೆದ್ದ ಸಲಾದೀನನ ತಮ್ಮನ ಮಗ ಈತ. ಹೆಚ್ಚುಕಡಿಮೆ ಫ್ರಾನ್ಸಿಸರದೇ ವಯಸ್ಸಿನವನು.

ಡೇರೆಯೊಳಗೆ ನಡೆದುದನ್ನು ಕುರಿತು ಕಥೆಗಳು ಬಹಳ. ಬೆಂಕಿಯನ್ನು ಹೊತ್ತಿಸಿ, ಅದನ್ನು ದಾಟಿ ಸತ್ಯವನ್ನು ಪರೀಕ್ಷಿಸೋಣವೆಂದು ಫ್ರಾನ್ಸಿಸರು ಸವಾಲು ಹಾಕಿದರೆಂಬ ವೃತ್ತಾಂತ ಸಂತ ಬೊನವೆಂಚೂರರ ಗ್ರಂಥದಲ್ಲಿದೆ; ಚಿತ್ರಕಾರರು ಅದನ್ನೇ ಮತ್ತೆ ಮತ್ತೆ ಬರೆದರು. ಆದರೆ ಆ ಗ್ರಂಥ ಹುಟ್ಟಿದ್ದು ಘಟನೆ ನಡೆದು ನಾಲ್ಕು ದಶಕ ಕಳೆದ ಮೇಲೆ. ಆಗ ಪಾಳೆಯದಲ್ಲೇ ಇದ್ದ ಆಕ್ರದ ಧರ್ಮಾಧ್ಯಕ್ಷ ವಿತ್ರಿಯ ಜಾಕ್ ಅವರ ಬರಹದಲ್ಲಿ ಬೆಂಕಿಯ ಮಾತೇ ಇಲ್ಲ. ಅವರು ಹೇಳುವುದು ಇಷ್ಟು: ಫ್ರಾನ್ಸಿಸರು ಕೆಲವು ದಿನ ಅಲ್ಲಿದ್ದು ದೇವರ ವಾಕ್ಯ ಸಾರಿದರು, ಕಣ್ಣಿಗೆ ಕಾಣುವ ಫಲ ಅಲ್ಪ. ಬೀಳ್ಕೊಡುವಾಗ ಸುಲ್ತಾನನು ಗುಟ್ಟಾಗಿ, ದೇವರಿಗೆ ಮೆಚ್ಚಿಕೆಯಾದ ಧರ್ಮ ಯಾವುದೋ ಅದನ್ನೇ ತಾನು ಹಿಡಿಯುವಂತೆ ದೇವರು ತೋರಿಸಿಕೊಡಲೆಂದು ಪ್ರಾರ್ಥಿಸಲು ಕೇಳಿಕೊಂಡನು. ದೇವರ ಮಾರ್ಗದರ್ಶನ ಬೇಡುತ್ತ ಬಂದವನ ಬಳಿ ಕೇಳಿದವನೂ ಅದನ್ನೇ ಬೇಡಿದನು! ಬೆಂಕಿಯ ಪವಾಡಕ್ಕಿಂತ ಇದು ದೊಡ್ಡದೆಂದು ನಮಗೆ ತೋರುತ್ತದೆ.

ಇದೇ ಧರ್ಮಾಧ್ಯಕ್ಷರು ಇನ್ನೊಂದು ಸೂಕ್ಷ್ಮವನ್ನೂ ದಾಖಲಿಸಿದ್ದಾರೆ. ಫ್ರಾನ್ಸಿಸರ ಸಂಗಡಿಗರು ಕ್ರಿಸ್ತನ ವಿಷಯ ಹೇಳುವವರೆಗೆ ಮುಸಲ್ಮಾನರು ಸಂತೋಷದಿಂದ ಕೇಳುತ್ತಿದ್ದರು. ತಮ್ಮ ಪ್ರವಾದಿಯನ್ನು ಹಳಿಯತೊಡಗಿದಾಗ ಹೊಡೆದು ಓಡಿಸುತ್ತಿದ್ದರು. 1220ರ ಜನವರಿ 16ರಂದು ಮೊರೊಕ್ಕೊದ ಮರಾಕೇಶಿನಲ್ಲಿ ಐವರು ಫ್ರಾನ್ಸಿಸ್ಕನ್ ಸೋದರರು ಪ್ರಾಣ ತೆತ್ತರು. ಕೊಯಿಂಬ್ರಕ್ಕೆ ತಂದ ಅವರ ಅವಶೇಷಗಳನ್ನು ನೋಡಿಯೇ ಫೆರ್ನಾಂದೊ ಎಂಬ ತರುಣ ಗುರುವು ಆ ಸಂಘ ಸೇರಿದುದು. ನಮ್ಮ ಮನೆಮನೆಗಳಲ್ಲಿ ಮಂಗಳವಾರದ ಪ್ರಾರ್ಥನೆ ಪಡೆಯುವ ಸಂತ ಅಂತೋಣಿಯವರು ಅವರೇ. ಆ ಐವರ ಧೈರ್ಯ ದೊಡ್ಡದು, ಧರ್ಮಸಭೆ ಅವರನ್ನು ಸಂತರೆಂದು ಗೌರವಿಸುತ್ತದೆ. ಆದರೂ ಎಲ್ಲ ಸೋದರರಿಗೂ ಫ್ರಾನ್ಸಿಸರು ವಿಧಿಸಿದ ದಾರಿ ಅದೊಂದೇ ಅಲ್ಲ.

ಈಜಿಪ್ಟಿನಿಂದ ಮರಳಿದ ಮೇಲೆ, 1221ರ ನಿಯಮಾವಳಿಯ ಹದಿನಾರನೆಯ ಅಧ್ಯಾಯದಲ್ಲಿ, ಮುಸಲ್ಮಾನರ ನಡುವೆ ಹೋಗುವ ಸೋದರರಿಗೆ ಅವರು ಎರಡು ಬಗೆಯನ್ನು ಸೂಚಿಸಿದರು. ಮೊದಲನೆಯದು, ಜಗಳ ವಾದಗಳಿಗೆ ಇಳಿಯದೆ, ದೇವರ ನಿಮಿತ್ತ ಎಲ್ಲ ಮನುಷ್ಯರಿಗೂ ಅಧೀನರಾಗಿ ನಡೆದು, ತಾವು ಕ್ರೈಸ್ತರೆಂದು ಒಪ್ಪಿಕೊಳ್ಳುವುದು. ಎರಡನೆಯದು, ಪ್ರಭುವಿಗೆ ಅದು ಮೆಚ್ಚಿಕೆಯೆಂದು ಕಂಡುಬಂದಾಗ ದೇವರ ವಾಕ್ಯ ಸಾರುವುದು. ಇಡೀ ಅಧ್ಯಾಯದ ಜೀವ ಇರುವುದು ಆ ಕಂಡುಬಂದಾಗ ಎಂಬ ಮಾತಿನಲ್ಲಿ. ನೆರೆಮನೆಯವರು ಹಬ್ಬದ ಸಿಹಿ ತಂದಾಗ, ಸಹೋದ್ಯೋಗಿಯೊಬ್ಬರು ಮಗನ ಕಾಯಿಲೆ ಹೇಳಿಕೊಂಡು ಅತ್ತಾಗ, ರೈಲಿನಲ್ಲಿ ಯಾರೋ ಕುತೂಹಲದಿಂದ ನಮ್ಮ ಶಿಲುಬೆಯ ಅರ್ಥ ಕೇಳಿದಾಗ, ಮಾತಿನ ಹೊತ್ತೋ ಮೌನದ ಹೊತ್ತೋ ಎಂದು ಯಾವ ಪುಸ್ತಕವೂ ಮುಂಚಿತವಾಗಿ ಹೇಳಲಾರದು. ನಾವು ಕ್ರೈಸ್ತರೆಂಬುದನ್ನು ಮುಚ್ಚಿಡುವುದು ಫ್ರಾನ್ಸಿಸರ ಮೌನವಲ್ಲ. ಕೇಳದವರ ಮೇಲೆ ಸುರಿಯುವ ಬೋಧನೆ ಅವರ ಮಾತೂ ಅಲ್ಲ.

ಯುದ್ಧವನ್ನು ನಿಲ್ಲಿಸಲು ಅವರಿಂದಾಗಲಿಲ್ಲ. 1219ರ ನವೆಂಬರ್ 5ರಂದು ದಾಮಿಯೆಟ್ಟಾ ಬಿದ್ದಿತು. ಜೆರುಸಲೇಮನ್ನೇ ಬಿಟ್ಟುಕೊಡುವೆನೆಂದು ಸುಲ್ತಾನನು ಹೇಳಿಕಳುಹಿಸಿದರೂ ಪೆಲಾಜಿಯುಸರು ಒಪ್ಪಲಿಲ್ಲ. 1221ರಲ್ಲಿ ನೈಲ್ ಪ್ರವಾಹಕ್ಕೆ ಸಿಕ್ಕಿ ಸೋತು ಹಸಿದ ಕ್ರೈಸ್ತ ಸೇನೆಗೆ ಇದೇ ಅಲ್-ಕಾಮಿಲನು ರೊಟ್ಟಿ ಒದಗಿಸಿದನು.

ಫ್ರಾನ್ಸಿಸರು ತಮ್ಮ ನಾಡಿಗೆ ಮರಳಿದ ಮೇಲೆ ಜನನಾಯಕರಿಗೆ ಬರೆದ ಒಂದು ಪತ್ರದಲ್ಲಿ, ಪ್ರತಿ ಸಂಜೆ ಸಾರುವವನೊಬ್ಬನ ಮೂಲಕವೋ ಬೇರೆ ಸಂಕೇತದ ಮೂಲಕವೋ ಜನರನ್ನು ದೇವಸ್ತುತಿಗೆ ಕರೆಯಬೇಕೆಂದು ಕೋರಿದ್ದಾರೆ. ಮಸೀದಿಯಿಂದ ಕೇಳಿದ ಪ್ರಾರ್ಥನೆಯ ಕರೆ ಅವರ ಮನಸ್ಸಿನಲ್ಲಿ ಉಳಿದಿತ್ತೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. 1226ರ ಅಕ್ಟೋಬರ್ 3ರ ಸಂಜೆ, ನೆಲದ ಮೇಲೆ ಮಲಗಿ, ಅವರು ಪ್ರಾಣ ಬಿಟ್ಟರು. ಸುಲ್ತಾನನು ಕೊಟ್ಟನೆಂದು ಪರಂಪರೆ ಹೇಳುವ ದಂತದ ಕಹಳೆಯೊಂದನ್ನು ಅಸ್ಸಿಸಿಯ ಬಸಿಲಿಕದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಹೊನ್ನು ಬೆಳ್ಳಿಯನ್ನೆಲ್ಲ ನಿರಾಕರಿಸಿದ ಫ್ರಾನ್ಸಿಸರು, ಜನರನ್ನು ಬೋಧನೆಗೆ ಕರೆಯಲು ಅದನ್ನು ಊದುತ್ತಿದ್ದರಂತೆ.